ಎದುರು ಸಾಲಿನ ಮತದಾರ

ನನ್ನ ಷಡ್ಡಕರ ಮತಕ್ಕೆ ಬೆಲೆಯಿತ್ತು, ನನ್ನ ಮತಕ್ಕಿರಲಿಲ್ಲ. ಈ ವಾಕ್ಯ ಬರೆಯುವಾಗಲೇ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿ ಊದುಗೊಳವೆಯಿಂದ ಊದುತ್ತಿರುವಂತಾಗುತ್ತದೆ. ನಮ್ಮ ಡಾಕ್ಟರು ಇದನ್ನು ಆಸಿಡಿಟಿ ಎಂದು ಕರೆದು ಬಿಳಿ ಔಷಧ ಬರೆದುಕೊಟ್ಟಿದ್ದಾರೆ. ಪಾಪ, ಅವರಿಗೆ ಷಡ್ಡಕರಿಲ್ಲ.

ಷಡ್ಡಕರೆಂದರೆ ಹೆಂಡತಿಯ ಅಕ್ಕನ ಗಂಡ. ನಮ್ಮವಳ ಪ್ರಕಾರ, ನಾನು ಬರೆದ ಪರೀಕ್ಷೆಯನ್ನೇ ಬರೆದು ಮೊದಲ ದರ್ಜೆಯಲ್ಲಿ ಪಾಸಾದ ಮನುಷ್ಯ. ಕನ್ನಡಕದ ಅಂಗಡಿ ಇಟ್ಟಿದ್ದವರು, ಈಗ ವಿಶ್ರಾಂತ ಜೀವನ. ಮನೆ ನಮ್ಮ ಮನೆಗೆ ಸರಿಯಾಗಿ ಎದುರು. ಮಾವನವರು ರೈಲು ಬೋಗಿ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದರು. ತಾವಿದ್ದ ಹಳೆಯ ಮನೆಯನ್ನು ಕಿರಿಯ ಮಗಳಿಗೂ ಎದುರಿನ ಸೈಟನ್ನು ಹಿರಿಯ ಮಗಳಿಗೂ ಕೊಟ್ಟು ನಿಶ್ಚಿಂತೆಯಿಂದ ಕಣ್ಣುಮುಚ್ಚಿದರು. ಮಧ್ಯದಲ್ಲಿರುವುದು ಒಂದು ಡಾಂಬರು ಬೀದಿ. ಎದುರುಬದುರಾಗಿ ಬಂದ ಎರಡು ಬಸ್ಸುಗಳು ಕಿವಿ ಉಜ್ಜಿಕೊಳ್ಳದೆ ದಾಟಲಾಗದಷ್ಟು ಇಕ್ಕಟ್ಟು. ಆದರೆ ಉದ್ದ ಎಷ್ಟೆಂದರೆ, ಒಂದು ತುದಿಯಲ್ಲಿ ಮೀಸೆ ಬೋಳಿಸಿಕೊಂಡು ಹೊರಟವನು ಇನ್ನೊಂದು ತುದಿ ಸೇರುವಷ್ಟರಲ್ಲಿ ಮತ್ತೆ ಮೀಸೆ ತಿರುವಬಹುದು.

ಆ ಡಾಂಬರಿನ ನಟ್ಟನಡುವೆ, ಕಣ್ಣಿಗೆ ಕಾಣದ ಒಂದು ಗೆರೆ ಇತ್ತು. ಅದೇ ಸಂಸತ್ ಕ್ಷೇತ್ರದ ಗಡಿ. ಆಚೆ ಸಾಲು ಒಂದು ಕ್ಷೇತ್ರ, ಈಚೆ ಸಾಲು ಇನ್ನೊಂದು. ಆಚೆಯದು ತಕ್ಕಡಿಯ ಮುಳ್ಳಿನಂತೆ ನಡುಗುವ ಕ್ಷೇತ್ರ. ಕಳೆದ ಚುನಾವಣೆಯಲ್ಲಿ ಗೆದ್ದವನಿಗೂ ಸೋತವನಿಗೂ ಇದ್ದ ಅಂತರದ ಮತದಾರರನ್ನೆಲ್ಲ ಒಂದು ಬಸ್ಸಿನಲ್ಲಿ ಕೂರಿಸಿದರೆ ಕಂಡಕ್ಟರಿಗೆ ನಿಲ್ಲಲು ಧಾರಾಳ ಜಾಗವಿರುತ್ತಿತ್ತು. ಹಾಗಾಗಿ ಚುನಾವಣೆ ಬಂತೆಂದರೆ ಷಡ್ಡಕರ ಜಗಲಿಯಲ್ಲಿ ಜಾತ್ರೆ. ಒಬ್ಬ ಅಭ್ಯರ್ಥಿ ಒಳಗೆ ಟೀ ಕುಡಿಯುತ್ತಿದ್ದರೆ ಇನ್ನೊಬ್ಬ ಅಂಚೆ ಡಬ್ಬಿಯ ಹಿಂದೆ ಅಡಗಿ ಸರದಿ ಕಾಯುತ್ತಿದ್ದ. ಬಂದವರೆಲ್ಲ ಅವರ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, ಈಗಷ್ಟೇ ಹುಟ್ಟಿದ ಮೊಲದ ಮರಿಯನ್ನು ಹಿಡಿದಂತೆ ಹಿಡಿದು, ಅಭಿಪ್ರಾಯ ಕೇಳುತ್ತಿದ್ದರು. ಒಬ್ಬನಂತೂ ಅವರ ಅಡುಗೆಮನೆಯ ಸೋರುವ ನಲ್ಲಿಗೆ ತಾನೇ ವಾಷರ್ ಹಾಕಿ ಹೋದ. ಆ ಸುದ್ದಿ ತಿಳಿದ ಎದುರಾಳಿ ಮರುದಿನ ಬಂದು ಇಡೀ ನಲ್ಲಿಯನ್ನೇ ಬದಲಿಸಿದ.

ಷಡ್ಡಕರು ಮಾತಿನವರಲ್ಲ. ಎಲ್ಲರಿಗೂ ತಲೆಯಾಡಿಸುತ್ತಾರೆ. ನಲವತ್ತು ವರ್ಷ ಗಿರಾಕಿಗಳ ಮೂಗಿನ ಮೇಲೆ ಗಾಜು ಬದಲಿಸುತ್ತ ‘ಈಗ ಹೇಗಿದೆ? ಈಗ?’ ಎಂದು ಕೇಳಿ ಕೇಳಿ ಬಂದ ಅಭ್ಯಾಸ ಅದು. ಅಭ್ಯರ್ಥಿಗಳು ಆ ತಲೆಯಾಟವನ್ನು ಭರವಸೆಯೆಂದು ತಿಳಿದು ತೃಪ್ತರಾಗಿ ಹೋಗುತ್ತಿದ್ದರು.

ನಮ್ಮ ಸಾಲಿಗೆ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ಒಮ್ಮೆ ಗಾಳಿಗೆ ಹಾರಿ ಬಂದ ಒಂದು ಕರಪತ್ರ ನಮ್ಮ ಗೇಟಿಗೆ ಸಿಕ್ಕಿಕೊಂಡಿತ್ತು. ನನ್ನ ಹೆಂಡತಿ ಅದನ್ನು ಇಸ್ತ್ರಿ ಮಾಡಿ ಬೀರುವಿನಲ್ಲಿ ಇಟ್ಟಳು. ಅತ್ತಿಗೆಯವರು (ನಮ್ಮವಳ ಅಕ್ಕ) ಪ್ರತಿ ಸಂಜೆ ತಮ್ಮ ಗೇಟಿನಲ್ಲಿ ನಿಂತು, ಟೀ ಮಾಡೀ ಮಾಡೀ ಸೊಂಟ ಬಿದ್ದುಹೋಯಿತೆಂದೂ, ಇವತ್ತು ಮೂವರು ಬಂದಿದ್ದರೆಂದೂ, ಅದರಲ್ಲೊಬ್ಬ ತಮ್ಮನ್ನು ‘ತಾಯಿ’ ಎಂದನೆಂದೂ ಬೀದಿಯಾಚೆಯಿಂದ ಗೋಳಾಡುತ್ತಿದ್ದರು. ಗೋಳಿನ ಧಾಟಿಯಲ್ಲಿ ಜಂಬ ಕೊಚ್ಚುವ ಆ ವಿದ್ಯೆಯಲ್ಲಿ ಅವರಿಗೆ ಸರಿಸಾಟಿ ಯಾರೂ ಇಲ್ಲ.

ಅಂಥ ಒಂದು ಸಂಜೆ ನಮ್ಮವಳು ಒಳಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡ ಮೇಲೆ ನನ್ನ ಕಡೆ ತಿರುಗಿದಳು.

“ರೀ, ನಮ್ಮನ್ನ ಯಾಕೆ ಯಾರೂ ಬಂದು ಕೇಳಲ್ಲ?”

“ನಮ್ಮದು ಭದ್ರ ಕ್ಷೇತ್ರ ಕಣೇ.”

“ಹಂಗಂದ್ರೆ?”

“ಕೇಳದೇ ಇದ್ರೂ ನಾವು ಹಾಕ್ತೀವಿ ಅಂತ ಅವರಿಗೆ ಗೊತ್ತು.”

“ಹಾಗಾದ್ರೆ ನಾನೂ ಈ ಮನೇಲಿ ಭದ್ರ ಕ್ಷೇತ್ರಾನೇ ಅನ್ನಿ. ನೀವು ಬಾಯಿಬಿಟ್ಟು ಒಂದು ದಿನ ಕೇಳಿದ್ದಿಲ್ಲ, ಹೊತ್ತು ಹೊತ್ತಿಗೆ ತಟ್ಟೆಗೆ ಬಂದು ಬೀಳ್ತಾ ಇದೆ. ಆ ಕಡೆ ಭಾವ ನೋಡಿ, ದಿನಾ ಅಕ್ಕನ್ನ ಕೇಳ್ತಾರೆ, ಇವತ್ತು ಏನು ಮಾಡೋಣ ಅಂತ.”

“ಅವರು ಏನು ಅಡುಗೆ ಅಂತ ಕೇಳ್ತಾರೆ.”

“ಕೇಳ್ತಾರಲ್ಲ. ನಮ್ಮ ಮನೆ ಸೋಫಾ ಮೇಲೆ ಒಬ್ಬ ಅಭ್ಯರ್ಥಿ ಕೂತು ನನ್ನ ಕೈಯ ಟೀ ಕುಡಿಯೋದನ್ನ ನಮ್ಮಕ್ಕ ಕಿಟಕಿಯಿಂದ ನೋಡಬೇಕು. ಅಷ್ಟೇ ನಾನು ಕೇಳೋದು. ಅಷ್ಟು ಮಾಡೋಕಾಗುತ್ತಾ ನಿಮ್ಮ ಕೈಲಿ?”

ಮೂವತ್ತೇಳು ವರ್ಷದ ದಾಂಪತ್ಯದಲ್ಲಿ ಇವಳು ಚಿನ್ನ ಕೇಳಲಿಲ್ಲ, ಪ್ರವಾಸ ಕೇಳಲಿಲ್ಲ (ಕೇಳಿದಳು, ನನಗೆ ಕೇಳಿಸಲಿಲ್ಲ). ಕೇಳಿದ್ದು ಒಬ್ಬ ಅಭ್ಯರ್ಥಿಯನ್ನು. ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ, ಊರಿನ ತಕ್ಕಡಿಗಳನ್ನೆಲ್ಲ ಗಡಗಡ ನಡುಗಿಸಿದ ನನಗೆ ಇದೊಂದು ಸವಾಲೇ ಎಂದುಕೊಂಡೆ.

ದೈವವೂ ಕೂಡಿಬಂತು. ಕ್ಷೇತ್ರ ಪುನರ್ವಿಂಗಡಣೆ ಆಯೋಗ ನಮ್ಮ ಉಪನಗರಕ್ಕೆ ಬಂದು ಸಾರ್ವಜನಿಕರ ಅಹವಾಲು ಕೇಳಲಿದೆ ಎಂದು ಪತ್ರಿಕೆಯಲ್ಲಿ ಬಂತು. ಗೆರೆಯನ್ನು ಜರುಗಿಸಿದರಾಯಿತು. ಬೀದಿಯ ನಡುವೆ ಇರುವುದನ್ನು ಎತ್ತಿ ನಮ್ಮ ಹಿತ್ತಿಲ ಗೋಡೆಯ ಆಚೆ ಇಟ್ಟರೆ, ನಮ್ಮ ಸಾಲೂ ಷಡ್ಡಕರ ಕ್ಷೇತ್ರಕ್ಕೆ ಸೇರುತ್ತದೆ. ಸೋಫಾ, ಟೀ, ಕಿಟಕಿ, ಎಲ್ಲವೂ ಕೈಗೂಡುತ್ತದೆ.

ಅಂದಿನಿಂದ ನಾನು ನಮ್ಮ ಕ್ಷೇತ್ರದ ಇತಿಹಾಸಕಾರನಾದೆ. ಕ್ಷೌರದ ಅಂಗಡಿ, ಗ್ರಂಥಾಲಯ, ಪಿಂಚಣಿದಾರರ ಬೆಂಚು ಎಲ್ಲವನ್ನೂ ಜಾಲಾಡಿದೆ. ಆ ಮಹಾಚರಿತ್ರೆಯ ಸಾರ ಹೀಗಿದೆ. ಆದಿಯಲ್ಲಿ ಜೌಗು ಇತ್ತು. ಕಪ್ಪೆಗಳಿಗೆ ಸಂಪೂರ್ಣ ಬಹುಮತವಿತ್ತು. ಆಮೇಲೆ ಇಟ್ಟಿಗೆ ಗೂಡುಗಳು ಬಂದವು. ಕ್ಷೇತ್ರ ಆಗ ಎಷ್ಟು ವಿಶಾಲವಾಗಿತ್ತೆಂದರೆ, ಗೆದ್ದ ಸದಸ್ಯ ಮತದಾರರಿಗೆ ವಂದನೆ ಹೇಳಲು ಹೊರಟು ಕೊನೆಯ ಮನೆ ಮುಟ್ಟುವಾಗ ಮುಂದಿನ ಚುನಾವಣೆ ಬಂದಿರುತ್ತಿತ್ತು. ವಂದನೆಯ ಜೊತೆಗೇ ಮತವನ್ನೂ ಕೇಳಿ ಬರುತ್ತಿದ್ದ. ಆ ಮೊದಲ ಸದಸ್ಯ ಇಟ್ಟಿಗೆ ಗೂಡುಗಳ ಯಜಮಾನ. ಪ್ರತಿ ಇಟ್ಟಿಗೆಯ ಮೇಲೂ ಅವನ ಹೆಸರಿನ ಅಚ್ಚು. ಅವನ ಹೆಸರಿನೊಳಗೇ ಮಲಗಿ ಏಳುವ ಜನ ಬೇರೆಯವನಿಗೆ ಹಾಕಲು ನಾಚಿಕೊಂಡರು. ಎರಡನೆಯವರು ಹೆರಿಗೆ ಡಾಕ್ಟರು. ತಾವೇ ಭೂಮಿಗೆ ತಂದ ಮತದಾರರು ಪ್ರಾಪ್ತವಯಸ್ಕರಾಗುವ ತನಕ ತಾಳ್ಮೆಯಿಂದ ಕಾದು, ಆಮೇಲೆ ನಿಂತು, ಎದುರಾಳಿಗಳ ಠೇವಣಿಯನ್ನೂ ಕಿತ್ತುಕೊಂಡರು.

ಅಷ್ಟರಲ್ಲಿ ಬೋಗಿ ಕಾರ್ಖಾನೆ ಬಂತು. ನಮ್ಮ ಸಾಲಿನ ಉದ್ದಕ್ಕೂ ಕಾರ್ಮಿಕರ ಮನೆಗಳೆದ್ದವು. ಕಾರ್ಖಾನೆಯ ಸೈರನ್ನಿಗೆ ಏಳುವುದು, ಸೈರನ್ನಿಗೆ ಉಣ್ಣುವುದು, ಒಂದೇ ಪಕ್ಷಕ್ಕೆ ಮತ ಹಾಕುವುದು, ಇವು ನಮ್ಮ ಸಾಲಿನ ರಕ್ತಕ್ಕೆ ಇಳಿದವು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಸೈರನ್ ಇಲ್ಲ, ಮತ ಮಾತ್ರ ಅದೇ. ಬೀದಿಯ ಆಚೆ ಸಾಲು ತಡವಾಗಿ ಬಂದದ್ದು: ಅಂಗಡಿಯವರು, ಮೇಷ್ಟರು, ನರ್ಸುಗಳು, ಬಾಡಿಗೆಯವರು. ಅವರು ಯಾರಿಗೆ ಹಾಕುತ್ತಾರೆಂದು ಅವರಿಗೇ ಮತಗಟ್ಟೆಯೊಳಗೆ ಹೋದ ಮೇಲೆ ತಿಳಿಯುವುದು. ನಮ್ಮ ಈಗಿನ ಸದಸ್ಯರನ್ನು ನಾವು ಪೋಸ್ಟರಿನಲ್ಲಿ ಮಾತ್ರ ಕಂಡವರು. ಕಪ್ಪು ಕೂದಲು, ಗುಂಗುರು ಹುಬ್ಬು. ಅದೇ ಪೋಸ್ಟರು ನನ್ನ ಮಗಳು ಶಾಲೆಗೆ ಸೇರಿದಾಗಲೂ ಇತ್ತು, ಅವಳ ಮಗಳು ಶಾಲೆಗೆ ಸೇರಿದಾಗಲೂ ಇತ್ತು. ಚುನಾವಣೆಯ ಹೊತ್ತಿಗೆ ಅವರು ಸಮುದ್ರ ತೀರದಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತಾರೆಂದು ಕೇಳಿದ್ದೆ.

ಅಹವಾಲಿನ ದಿನ ಶಾಲೆಯ ಸಭಾಂಗಣದಲ್ಲಿ ಆಯೋಗದ ಅಧ್ಯಕ್ಷೆ ಕೂತಿದ್ದರು. ನಿವೃತ್ತ ನ್ಯಾಯಾಧೀಶೆ. ಬೆಳಗಿನಿಂದ ಜನ ಗೆರೆಗಳನ್ನು ಅತ್ತ ಎಳೆ ಇತ್ತ ಎಳೆ ಎಂದು ಹೇಳಿ ಹೇಳಿ ಅವರ ಹಣೆಯ ಮೇಲೇ ನಾಲ್ಕಾರು ಗೆರೆ ಮೂಡಿದ್ದವು. ನಾನು ಕಪ್ಪೆಗಳಿಂದ ಆರಂಭಿಸಿದೆ. ಇಟ್ಟಿಗೆ ಗೂಡಿಗೆ ಬರುವಾಗ ಹಿಂದಿನ ಸಾಲಿನಲ್ಲಿ ಇಬ್ಬರು ಗೊರಕೆ ಹೊಡೆಯುತ್ತಿದ್ದರು. ಆಮೇಲೆ ಸ್ವರ ತಗ್ಗಿಸಿ, ಎರಡು ಮನೆಗಳ ಕಥೆ ಹೇಳಿದೆ. ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳನ್ನು ಈ ಗೆರೆ ಬೇರೆ ಮಾಡಿದೆ. ನನ್ನ ಹೆಂಡತಿ ಅಕ್ಕನನ್ನು ಕೂಗಿದರೆ ಆ ಕೂಗು ಸಂಸತ್ತಿನ ಗಡಿ ದಾಟಬೇಕು. ಇಲ್ಲಿ ಹಾಲು ಕಾಯುವಾಗ ಸಕ್ಕರೆ ಸಾಲ ತರಲು ಪರ ಕ್ಷೇತ್ರಕ್ಕೆ ಹೋಗಬೇಕು. ನಮ್ಮವಳು ಮುಂದಿನ ಸಾಲಿನಲ್ಲಿ ಕೂತು, ಹೇಳಿಕೊಟ್ಟಿದ್ದಕ್ಕಿಂತ ಹೆಚ್ಚು ಜೋರಾಗಿ ಮೂಗು ಸೀಟಿದಳು.

ಬೀದಿಯನ್ನು ಒಂದು ಮಾಡುವುದಾದರೆ ಎದುರು ಸಾಲನ್ನೇ ನಿಮ್ಮ ಕ್ಷೇತ್ರಕ್ಕೆ ಸೇರಿಸಬಹುದಲ್ಲ ಎಂದು ಅಧ್ಯಕ್ಷೆ ಕೇಳಿದರು. ನಾನು ತಕ್ಷಣ ತ್ಯಾಗಮೂರ್ತಿಯ ಮುಖ ಮಾಡಿ, ನಮ್ಮ ಅನುಕೂಲಕ್ಕೆ ಅವರಿಗೇಕೆ ತೊಂದರೆ, ನಾವೇ ನಮ್ಮ ಪುರಾತನ ಕ್ಷೇತ್ರವನ್ನು ತೊರೆದು ಹೋಗುತ್ತೇವೆ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ಬೆಳಗಿನಿಂದ ಬಿಟ್ಟುಕೊಡುತ್ತೇನೆ ಎಂದವರು ನೀವೊಬ್ಬರೇ ಎಂದರು. ಆಚೆ ಸಾಲಿನವರಿಗೆ ಆಕ್ಷೇಪಣೆ ಇದೆಯೇ ಎಂದು ಕೇಳಿದಾಗ, ಎಲ್ಲರ ಕಣ್ಣೂ ಷಡ್ಡಕರ ಮೇಲೆ ಬಿತ್ತು. ಅವರು ತಲೆಯಾಡಿಸಿದರು. ಅಧ್ಯಕ್ಷೆ ಅದನ್ನು ಒಪ್ಪಿಗೆಯೆಂದು ಬರೆಸಿಕೊಂಡರು.

ಎರಡು ತಿಂಗಳಿಗೆ ಆದೇಶ ಬಂತು. ಗೆರೆ ನಮ್ಮ ಹಿತ್ತಿಲ ಗೋಡೆಗೆ ಸರಿದಿತ್ತು. ನಾನು ಒಂದು ದೇಶವನ್ನು ಗೆದ್ದವನಂತೆ ಬೀದಿಯಲ್ಲಿ ಓಡಾಡಿದೆ. ಹೆಂಡತಿ ಹಳೆಯ ಸೋಫಾವನ್ನು ಕಳಿಸಿ ಹೊಸದು ತರಿಸಿದಳು. ಅಂಚಿಗೆ ನೀಲಿ ಬಳ್ಳಿ ಇದ್ದ ಪಿಂಗಾಣಿ ಕಪ್ಪುಗಳನ್ನು ಕೊಂಡಳು. ಎದುರು ಮನೆಯಿಂದ ಸೋಫಾ ನೇರವಾಗಿ ಕಾಣುವಂತೆ ಕಿಟಕಿಯ ಪರದೆ ಬಿಚ್ಚಿ ಹಾಕಿದಳು. ಆ ಮೂರು ವಾರ ಅವಳು ನನ್ನನ್ನು ನೋಡಿದ ನೋಟವಿದೆಯಲ್ಲ, ಅದನ್ನು ಅಷ್ಟು ವರ್ಷ ಅವಳು ಎಲ್ಲಿಟ್ಟಿದ್ದಳೋ ನನಗೆ ಗೊತ್ತಿಲ್ಲ. ಒಂದು ದಿನ ಅಡುಗೆಮನೆಯಿಂದ ಇಣುಕಿ, ಇವತ್ತು ಏನು ಮಾಡ್ಲಿ ಎಂದು ನನ್ನನ್ನೇ ಕೇಳಿದಳು. ನಾನು ಷಡ್ಡಕರಂತೆ ತಲೆಯಾಡಿಸಿದೆ.

ಚುನಾವಣೆ ಘೋಷಣೆಯಾಯಿತು. ನಾನು ದಿನಾ ಬೆಳಗ್ಗೆ ಗಡ್ಡ ಹೆರೆದು, ಅಭಿಪ್ರಾಯಗಳನ್ನು ಸಿದ್ಧಮಾಡಿಕೊಂಡು ಸೋಫಾದ ತುದಿಯಲ್ಲಿ ಕೂತೆ. ಒಂದು ವಾರ ಕಳೆಯಿತು. ಯಾರೂ ಬರಲಿಲ್ಲ. ಎದುರು ಮನೆಗೂ ಬರಲಿಲ್ಲ. ಇಡೀ ಬೀದಿಯಲ್ಲಿ ಹಾಲಿನವನನ್ನು ಬಿಟ್ಟರೆ ಬಾಗಿಲು ತಟ್ಟಿದವರಿಲ್ಲ. ಆದರೆ ಎಲ್ಲಿಂದಲೋ ಮೈಕಿನ ಸದ್ದು, ಜಯಕಾರ, ತಮಟೆ. ಕಿವಿಗೊಟ್ಟು ಕೇಳಿದರೆ, ಅದು ನಮ್ಮ ಹಿತ್ತಿಲ ಗೋಡೆಯ ಆಚೆಯಿಂದ, ಹಿಂದಿನ ಬೀದಿಯಿಂದ ಬರುತ್ತಿತ್ತು.

ಗುಟ್ಟು ಬಿಡಿಸಿದವರು ಷಡ್ಡಕರು. ಜೀವಮಾನದಲ್ಲಿ ಅವರು ನನ್ನೊಂದಿಗೆ ಆಡಿದ ಅತಿ ಉದ್ದದ ಮಾತು ಅದೇ.

“ನೀವು ತಕ್ಕಡಿಯವರು, ನಾನು ಹೇಳ್ಬೇಕಾ? ನಿಮ್ಮ ಸಾಲಿನವರು ಕಣ್ಣು ಮುಚ್ಚಿ ಒಂದೇ ಪಕ್ಷಕ್ಕೆ ಹಾಕೋರು. ಆ ಕಡೆ ತಟ್ಟೇಲಿದ್ದ ಭಾರಾನೆಲ್ಲ ಎತ್ತಿ ಈ ಕಡೆ ಇಟ್ರಿ. ಈ ಕಡೆ ತಟ್ಟೆ ನೆಲಕ್ಕೆ ಕೂತುಬಿಡ್ತು, ಇನ್ನು ಇಲ್ಲಿ ಯಾರು ಬರ್ತಾರೆ? ನೀವು ಬಿಟ್ಟು ಬಂದ ಕ್ಷೇತ್ರ ಈಗ ಓಲಾಡ್ತಾ ಇದೆ, ಅದಕ್ಕೆ ಅಲ್ಲಿ ತಮಟೆ.” ಆಮೇಲೆ ನನ್ನ ಮೂಗಿನ ಮೇಲೆ ಗಾಜು ಬದಲಿಸಿದವರಂತೆ ಕೇಳಿದರು, “ಈಗ ಕಾಣಿಸ್ತಾ?”

ಕಾಣಿಸಿತು. ಬೇಡವೆನ್ನುವಷ್ಟು ಸ್ಪಷ್ಟವಾಗಿ ಕಾಣಿಸಿತು. ಎಲ್ಲಿಗೆ ಹೋದರೂ ಬರಗಾಲವನ್ನು ಗಂಟು ಕಟ್ಟಿಕೊಂಡು ಹೋಗುವ ಜನ ನಾವು.

ಅತ್ತಿಗೆಯವರು ತಂಗಿಯ ಜೊತೆ ಮಾತು ಬಿಟ್ಟರು. ತಮ್ಮ ಜಗಲಿಯನ್ನು ಹಾಳುಗೆಡವಿದವರು ನಾವೇ ಎಂದು ಬೀದಿಗೆಲ್ಲ ಸಾರಿದರು. ನಮ್ಮವಳು ನನ್ನ ಜೊತೆ ಮಾತು ಬಿಟ್ಟಳು. ಪಿಂಗಾಣಿ ಕಪ್ಪುಗಳ ಮೇಲೆ ಬಟ್ಟೆ ಹೊದಿಸಿದಳು. ಇನ್ನು ಏನು ಮಾಡ್ಲಿ ಎಂದು ನನ್ನನ್ನು ಯಾರೂ ಕೇಳುವುದಿಲ್ಲ ಎಂಬುದು ನನಗೆ ಖಚಿತವಾಯಿತು.

ಪ್ರಚಾರದ ಕೊನೆಯ ದಿನ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಹೊರಗೆ ಒಂದು ದಂಡು. ಮುಂದೆ ಪೂರ್ತಿ ನರೆತ ತಲೆಯ, ಏದುಸಿರು ಬಿಡುತ್ತಿದ್ದ ಒಬ್ಬ ವೃದ್ಧರು. ಅವರ ಪಕ್ಕದಲ್ಲಿ ಷಡ್ಡಕರು. ಆ ಗುಂಗುರು ಹುಬ್ಬನ್ನು ನೋಡಿ ನನಗೆ ಗುರುತು ಸಿಕ್ಕಿತು: ನಮ್ಮ ಪೋಸ್ಟರು! ನಾನು ಜೀವಮಾನವಿಡೀ ಮತ ಹಾಕಿದ, ಒಮ್ಮೆಯೂ ಕಣ್ಣಾರೆ ಕಾಣದ ಸದಸ್ಯರು ಸಾಕ್ಷಾತ್ ನನ್ನ ಹೊಸ್ತಿಲಲ್ಲಿ ನಿಂತಿದ್ದರು. ಅವರು ನನ್ನ ಕೈಯನ್ನು ಎರಡೂ ಕೈಗಳಲ್ಲಿ, ಆ ಮೊಲದ ಮರಿಯನ್ನು ಹಿಡಿಯುವಂತೆಯೇ ಹಿಡಿದುಕೊಂಡರು.

ಒಳಗಿನಿಂದ ಕಪ್ಪುಗಳ ಬಟ್ಟೆ ಹಾರಿದ ಸದ್ದು ಕೇಳಿಸಿತು. ಎದುರು ಕಿಟಕಿಯಲ್ಲಿ ಅತ್ತಿಗೆಯವರ ಮುಖ ಕಾಣಿಸಿತು. ನಾನು ಸದಸ್ಯರನ್ನು ಸೋಫಾದಲ್ಲಿ ಕೂರಿಸಿ, ಸಮಯ ವ್ಯರ್ಥ ಮಾಡದೆ ಕಪ್ಪೆಗಳಿಂದ ಆರಂಭಿಸಿದೆ. ಅವರು ತಲೆಯಾಡಿಸುತ್ತಿದ್ದರು, ಕಣ್ಣು ಮಾತ್ರ ನನ್ನ ಭುಜದ ಮೇಲಿಂದ ಅಡುಗೆಮನೆಯ ಕಡೆಗಿತ್ತು. ಇಟ್ಟಿಗೆ ಗೂಡು ತಲುಪುವ ಮೊದಲೇ ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು.

“ಯಜಮಾನರೇ, ದಾರಿ ತಪ್ಪಿ ಈ ಬೀದಿಗೆ ಬಂದುಬಿಟ್ವಿ. ನಿಮ್ಮ ಹಿಂಬಾಗಿಲು ಆ ಕಡೆ ಬೀದಿಗೆ ತೆರೆಯುತ್ತಂತೆ. ಇವರು ಹೇಳಿದ್ರು. ಈ ಬೀದಿ ಸುತ್ತಿ ಹೋಗೋವಷ್ಟರಲ್ಲಿ ಪ್ರಚಾರವೇ ಮುಗಿದುಹೋಗುತ್ತೆ. ಸ್ವಲ್ಪ ದಾರಿ ಬಿಡ್ತೀರಾ?”

ಅಷ್ಟರಲ್ಲಿ ನಮ್ಮವಳು ತಟ್ಟೆ ಹಿಡಿದು ಬಂದಳು. ಅವರು ಎದ್ದು ನಿಂತು, ‘ತಾಯಿ’ ಎಂದು, ಕಪ್ಪು ಎತ್ತಿಕೊಂಡು ನಡೆದರು. ಹಿಂದಿನಿಂದ ದಂಡಿಗೆ ದಂಡೇ ಒಂದೊಂದು ಕಪ್ಪು ಎತ್ತಿಕೊಂಡು, ಹೀರುತ್ತ, ಅಡುಗೆಮನೆ ದಾಟಿ, ಬಚ್ಚಲು ದಾಟಿ, ಹಿಂಬಾಗಿಲಿನಿಂದ ಇಳಿದು ಪರ ಕ್ಷೇತ್ರದಲ್ಲಿ ಮಾಯವಾಯಿತು. ಹೋಗುವ ಮುನ್ನ ಸದಸ್ಯರು ಹಿಂತಿರುಗಿ, ದಾರಿ ತೋರಿಸಿದ್ದಕ್ಕೆ ಷಡ್ಡಕರಿಗೆ ವಂದನೆ ಹೇಳಿದರು.

ಹೆಂಡತಿ ಖಾಲಿ ತಟ್ಟೆಯನ್ನು ನೋಡಿದಳು. ಹತ್ತು ದಿನದ ಮೌನ ಮುರಿದು, “ನನ್ನ ಕಪ್ಪುಗಳು” ಎಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಗಡಿ ದಾಟಿದೆ.

ಹಿಂದಿನ ಬೀದಿಯವರು ಅದೃಷ್ಟವಂತರು. ಯಾರ ಮನೆಯ ಮೆಟ್ಟಿಲ ಮೇಲೆ ನೋಡಿದರೂ ನೀಲಿ ಬಳ್ಳಿಯ ಕಪ್ಪು. ಮೊದಲ ಮನೆಯ ಬಾಗಿಲು ತಟ್ಟಿದೆ. ಒಬ್ಬಾತ ಅರ್ಧ ತೆರೆದು, ಇನ್ನೂ ತೀರ್ಮಾನ ಮಾಡಿಲ್ಲ, ಹೋಗಿ ಬನ್ನಿ ಎಂದು ಮುಚ್ಚಿದ. ಎರಡನೆಯ ಮನೆಯವರು ದೀಪದ ಕಂಬದ ಬಗ್ಗೆ ಕೇಳಿದರು. ಮೂರನೆಯ ಮನೆಯಲ್ಲಿ ಒಬ್ಬ ಅಜ್ಜಿ ನನ್ನನ್ನು ಕೈಹಿಡಿದು ಒಳಗೆ ಕರೆದೊಯ್ದು ಕೂರಿಸಿ, ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ವಿಚಾರಣೆ ಶುರುಮಾಡಿದರು.

“ಈ ಚರಂಡಿಗೆ ಯಾವಾಗಪ್ಪ ಮುಚ್ಚಳ ಹಾಕಿಸ್ತೀಯ?”

“ಅಜ್ಜಿ, ನಾನು ಅಭ್ಯರ್ಥಿ ಅಲ್ಲ. ಆ ಕಪ್ಪು ನಮ್ಮದು.”

“ಎಲ್ಲಾ ಹಿಂಗೇ ಜಾರಿಕೊಳ್ತೀರ. ಮುಚ್ಚಳ ಯಾವಾಗ ಹೇಳು, ಆಮೇಲೆ ಕಪ್ಪು.”

ಕಿಟಕಿಯಿಂದ ನಮ್ಮ ಹಿಂಬಾಗಿಲು ಕಾಣುತ್ತಿತ್ತು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ನಾನು ಮುಂದಿನ ತಿಂಗಳು ಎಂದೆ. ಅಜ್ಜಿ ಕಪ್ಪು ಕೊಟ್ಟರು. ವಿದ್ಯೆ ಕೈವಶವಾದ ಮೇಲೆ ಕೆಲಸ ಸಲೀಸಾಯಿತು. ದೀಪದ ಕಂಬ, ಬಸ್ ನಿಲ್ದಾಣ, ನೀರಿನ ಪೈಪು, ಒಬ್ಬನ ಅಳಿಯನಿಗೆ ಕೆಲಸ, ಕೇಳಿದವರಿಗೆ ಕೇಳಿದ್ದನ್ನು ಒಪ್ಪಿಕೊಳ್ಳುತ್ತ ಹೋಗಿ, ಕತ್ತಲಾಗುವಷ್ಟರಲ್ಲಿ ಕಪ್ಪುಗಳನ್ನೆಲ್ಲ ಗೆದ್ದುಕೊಂಡು ಬಂದೆ.

ಚುನಾವಣೆಯಲ್ಲಿ ಪೋಸ್ಟರಿನ ಸದಸ್ಯರು ಸೋತರು. ಗೆದ್ದವರು ಯಾರೆಂದು ಹಿಂದಿನ ಬೀದಿಯವರಿಗೆ ಗೊತ್ತಿಲ್ಲ. ಅವರ ಪಾಲಿಗೆ ಗೆದ್ದವನು ನಾನೇ. ಅಜ್ಜಿ ದಿನಾ ಬೆಳಗ್ಗೆ ಕೋಲಿನಿಂದ ನಮ್ಮ ಹಿಂಬಾಗಿಲು ಬಡಿಯುತ್ತಾರೆ. ಅವರ ಹಿಂದೆ ಅಳಿಯ, ಪೈಪು, ಬಸ್ ನಿಲ್ದಾಣ ಸಾಲಾಗಿ ನಿಂತಿರುತ್ತಾರೆ. ನಮ್ಮವಳು ಅವರನ್ನೆಲ್ಲ ಹೊಸ ಸೋಫಾದಲ್ಲಿ ಕೂರಿಸಿ ಟೀ ಕೊಡುತ್ತಾಳೆ. ಅಕ್ಕ ಕೇಳುವಂತೆ ಗೇಟಿನಲ್ಲಿ ನಿಂತು, ಟೀ ಮಾಡೀ ಮಾಡೀ ಸೊಂಟ ಬಿದ್ದುಹೋಯಿತೆಂದು ಗೋಳಾಡುತ್ತಾಳೆ. ನಾನು ದಿನವಿಡೀ ಚರಂಡಿಯ ಮುಚ್ಚಳಕ್ಕಾಗಿ ಪುರಸಭೆಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ.

ನಿನ್ನೆ ಹಾಗೆ ಬೆವರು ಒರೆಸಿಕೊಳ್ಳುತ್ತ ಬರುವಾಗ ಎದುರು ಜಗಲಿಯ ಮೇಲೆ ಕಣ್ಣು ಹೋಯಿತು. ಷಡ್ಡಕರು ಒಬ್ಬರೇ ಕಾಲು ಚಾಚಿ ಕೂತು ಪತ್ರಿಕೆ ಓದುತ್ತಿದ್ದರು. ಅವರನ್ನು ಕೇಳುವವರು ಯಾರೂ ಇರಲಿಲ್ಲ. ನನ್ನನ್ನು ನೋಡಿ ತಲೆಯಾಡಿಸಿ ಪುಟ ತಿರುವಿದರು.

ನಾನು ಒಳಗೆ ಹೋಗಿ ಬಿಳಿ ಔಷಧದ ಬಾಟಲಿಯನ್ನು ಹಾಗೆಯೇ ಎತ್ತಿ ಕುಡಿದೆ.